‘ಪತ್ತೆಯಾಗಿಲ್ಲ’ ಎಂಬ ಮಾತು

ಮನುಷ್ಯನು ತಾನು ತಿನ್ನುವ ಆಹಾರವನ್ನು ಪರೀಕ್ಷಿಸುವ ವಿದ್ಯೆಯನ್ನು ಬಹು ಹಿಂದಿನಿಂದಲೂ ಬಲ್ಲನು. ಅಕ್ಕಿಯಲ್ಲಿ ಕಲ್ಲಿದೆಯೇ ಎಂಬುದನ್ನು ಮೊರ ಹೇಳುತ್ತದೆ. ಹಾಲು ಕೆಟ್ಟಿದೆಯೇ ಎಂಬುದನ್ನು ಮೂಗು ಹೇಳುತ್ತದೆ. ಬದನೆಕಾಯಿಯಲ್ಲಿ ಹುಳುವಿದೆಯೇ ಎಂಬುದನ್ನು ಕಣ್ಣು ಹೇಳುತ್ತದೆ. ಆದರೆ ಆ ಹುಳುವನ್ನು ಕೊಲ್ಲಲು ಸಿಂಪಡಿಸಿದ ಔಷಧದ ಶೇಷವು ಕಾಯಿಯಲ್ಲಿ ಉಳಿದಿದೆಯೇ ಎಂಬುದನ್ನು ಕಣ್ಣಾಗಲಿ, ಮೂಗಾಗಲಿ, ನಾಲಿಗೆಯಾಗಲಿ ಹೇಳಲಾರವು. ಹುಳುವಿಲ್ಲದ, ನುಣುಪಾದ, ಹೊಳೆಯುವ ಕಾಯಿಯೇ ಹೆಚ್ಚು ಔಷಧವನ್ನು ಕುಡಿದಿರಬಹುದು. ಇಂದ್ರಿಯಗಳು ಸೋತು ನಿಂತ ಈ ಸ್ಥಳದಿಂದ ಪ್ರಯೋಗಾಲಯದ ಕೆಲಸ ಆರಂಭವಾಗುತ್ತದೆ.

ಪ್ರಯೋಗಾಲಯವು ಕೊಡುವ ವರದಿ ನೋಡಲು ಸರಳವಾಗಿರುತ್ತದೆ. ಎಡಗಡೆ ಕೀಟನಾಶಕಗಳ ಹೆಸರುಗಳು. ಬಲಗಡೆ ಒಂದೊಂದು ಅಂಕಿ, ಇಲ್ಲವೆ ‘ಪತ್ತೆಯಾಗಿಲ್ಲ’ ಎಂಬ ಒಂದು ಮಾತು. ವರದಿಯನ್ನು ಓದುವ ವ್ಯಾಪಾರಿ, ಅಧಿಕಾರಿ, ಗೃಹಸ್ಥ ಎಲ್ಲರೂ ಆ ಮಾತನ್ನು ‘ವಿಷವಿಲ್ಲ’ ಎಂದೇ ಅರ್ಥಮಾಡಿಕೊಳ್ಳುತ್ತಾರೆ. ‘ಇಲ್ಲ’ ಎನ್ನುವುದು ವಸ್ತುವಿನ ಸ್ಥಿತಿಯನ್ನು ಹೇಳುವ ಮಾತು. ‘ಪತ್ತೆಯಾಗಿಲ್ಲ’ ಎನ್ನುವುದು ಹುಡುಕಿದ ಬಗೆಯನ್ನೂ ಒಳಗೊಂಡ ಮಾತು. ಈ ಎರಡರ ನಡುವಣ ಅಂತರವನ್ನು ಅರಿಯದ ಸಮಾಜವು ಒಮ್ಮೆ ಇಲ್ಲದ ಭಯಕ್ಕೂ, ಇನ್ನೊಮ್ಮೆ ಸಲ್ಲದ ನೆಮ್ಮದಿಗೂ ಒಳಗಾಗುತ್ತದೆ.

ಇಂತಹ ಪರೀಕ್ಷೆಯ ಅಗತ್ಯ ಮನುಷ್ಯನಿಗೆ ಬಂದುದು ಈಚೆಗೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಪಾಲ್ ಮುಲ್ಲರ್ ಅವರು ಡಿ.ಡಿ.ಟಿ.ಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿರುವುದನ್ನು ಕಂಡುಹಿಡಿದರು. ಆ ಶೋಧಕ್ಕಾಗಿ 1948ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮಲೇರಿಯದಂತಹ ರೋಗಗಳನ್ನು ಹತೋಟಿಗೆ ತರುವಲ್ಲಿಯೂ ಬೆಳೆಗಳನ್ನು ಉಳಿಸುವಲ್ಲಿಯೂ ಇಂತಹ ರಾಸಾಯನಿಕಗಳು ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಉಪಕಾರದ ಹಿಂದೆಯೇ ಅಪಾಯವೂ ನಡೆದುಬಂದಿತು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗುಲಿದ ಗೋಧಿ ಹಿಟ್ಟಿನಿಂದ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಅವರು ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥದಲ್ಲಿ ಕೀಟನಾಶಕಗಳು ಮಣ್ಣು, ನೀರು, ಪಕ್ಷಿ, ಮನುಷ್ಯರ ದೇಹಗಳನ್ನು ಸೇರುತ್ತಿರುವ ಬಗೆಯನ್ನು ಲೋಕಕ್ಕೆ ತಿಳಿಸಿದರು. 1968ರಲ್ಲಿ ಭಾರತವು ಕೀಟನಾಶಕಗಳ ಕಾಯಿದೆಯನ್ನು ರೂಪಿಸಿತು. ಯಾವ ಆಹಾರದಲ್ಲಿ ಯಾವ ಕೀಟನಾಶಕದ ಶೇಷ ಎಷ್ಟರ ಮಟ್ಟಿಗೆ ಇರಬಹುದು ಎಂಬ ಮಿತಿಗಳು ದೇಶದೇಶಗಳಲ್ಲಿ ಗೊತ್ತಾದವು.

ಈ ಮಿತಿಗಳು ಎಷ್ಟು ಸೂಕ್ಷ್ಮವಾದುವು ಎಂಬುದನ್ನು ಊಹಿಸುವುದೇ ಕಷ್ಟ. ಒಂದು ಕಿಲೋಗ್ರಾಂ ಆಹಾರದಲ್ಲಿ 0.01 ಮಿಲಿಗ್ರಾಂ ಎಂಬುದು ಅನೇಕ ಕೀಟನಾಶಕಗಳಿಗೆ ಯುರೋಪಿನಲ್ಲಿ ಅನ್ವಯವಾಗುವ ಮಿತಿ. ಹತ್ತು ಟನ್ ಹಣ್ಣು ತುಂಬಿದ ಹತ್ತು ಲಾರಿಗಳು ಸಾಲಾಗಿ ನಿಂತಿವೆ ಎಂದು ಭಾವಿಸಬೇಕು. ಆ ಹತ್ತೂ ಲಾರಿಗಳಲ್ಲಿ ಹರಡಿಹೋದ ಕೇವಲ ಒಂದು ಗ್ರಾಂ ಪದಾರ್ಥವನ್ನು ಕಂಡುಹಿಡಿದಂತೆ ಈ ಕೆಲಸ. ಇದು ಸಾಧ್ಯವಾದುದು ಯಂತ್ರಗಳ ಬಲದಿಂದ. 1957ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಅವರು ರೂಪಿಸಿದ ಎಲೆಕ್ಟ್ರಾನ್ ಗ್ರಾಹಕ ಶೋಧಕವು ಡಿ.ಡಿ.ಟಿ.ಯಂತಹ ಕ್ಲೋರಿನ್‌ಯುಕ್ತ ಪದಾರ್ಥಗಳ ಅತ್ಯಲ್ಪ ಅಂಶವನ್ನೂ ಗುರುತಿಸಬಲ್ಲುದಾಯಿತು. ಇಂದಿನ ಯಂತ್ರಗಳು ಅದಕ್ಕಿಂತಲೂ ಮುಂದೆ ಹೋಗಿ ಒಂದೇ ಬಾರಿಗೆ ನೂರಾರು ಕೀಟನಾಶಕಗಳನ್ನು ಬೇರೆಬೇರೆಯಾಗಿ ಗುರುತಿಸಿ ಅಳೆಯುತ್ತವೆ.

ಯಂತ್ರದ ಈ ವೈಭವವನ್ನು ಕಂಡವರು ಒಂದು ಸಾಮಾನ್ಯ ಸಂಗತಿಯನ್ನು ಮರೆಯುತ್ತಾರೆ. ಯಾವ ಯಂತ್ರವೂ ಟೊಮೇಟೊವನ್ನಾಗಲಿ ಗೋಧಿಯನ್ನಾಗಲಿ ನೇರವಾಗಿ ಪರೀಕ್ಷಿಸುವುದಿಲ್ಲ. ಮೊದಲು ಆಹಾರವನ್ನು ಕತ್ತರಿಸಿ ಅರೆಯಬೇಕು. ಅದರೊಡನೆ ಒಂದು ದ್ರಾವಕವನ್ನು ಬೆರೆಸಿ ಕುಲುಕಬೇಕು. ಆಹಾರದಲ್ಲಿದ್ದ ಕೀಟನಾಶಕವು ದ್ರಾವಕಕ್ಕೆ ಇಳಿದುಬರಬೇಕು. ಅದರೊಡನೆ ಬಂದ ಬಣ್ಣ, ಸಕ್ಕರೆ, ಕೊಬ್ಬುಗಳನ್ನು ತೆಗೆದುಹಾಕಬೇಕು. ಹೀಗೆ ಉಳಿದ ದ್ರವದ ಅತ್ಯಲ್ಪ ಭಾಗ ಮಾತ್ರ ಯಂತ್ರದೊಳಕ್ಕೆ ಹೋಗುತ್ತದೆ. ಆಹಾರದಿಂದ ದ್ರಾವಕಕ್ಕೆ ಕೀಟನಾಶಕವನ್ನು ಇಳಿಸುವ ಕ್ರಿಯೆಗೆ ನಿಷ್ಕರ್ಷಣ ಎಂದು ಹೆಸರು. ಬಾವಿಯಲ್ಲಿ ಎಷ್ಟೇ ನೀರಿದ್ದರೂ ಕೊಡದೊಳಕ್ಕೆ ಬಂದಷ್ಟನ್ನೇ ಅಳೆಯಲು ಸಾಧ್ಯ. ನಿಷ್ಕರ್ಷಣದಲ್ಲಿ ಹಿಂದುಳಿದುಹೋದ ವಿಷವು ಯಂತ್ರದ ಪಾಲಿಗೆ ಇಲ್ಲದ ವಿಷವೇ ಸರಿ.

ನಿಷ್ಕರ್ಷಣದ ತತ್ತ್ವವು ಪ್ರತಿಯೊಂದು ಅಡುಗೆಮನೆಯಲ್ಲಿಯೂ ದಿನವೂ ನಡೆಯುವಂತಹುದು. ಅದೇ ಕಾಫಿಪುಡಿಗೆ ಕುದಿಯುವ ನೀರನ್ನು ಹಾಕಿದರೆ ಗಟ್ಟಿಯಾದ ಡಿಕಾಕ್ಷನ್ ಇಳಿಯುತ್ತದೆ; ತಣ್ಣೀರನ್ನು ಹಾಕಿದರೆ ತೆಳುವಾದ ಕಂದು ನೀರು ಬರುತ್ತದೆ. ಬಟ್ಟೆಗೆ ಅಂಟಿದ ಅರಿಸಿನದ ಕಲೆ ಎಷ್ಟು ನೀರು ಹಾಕಿ ಜಾಲಿಸಿದರೂ ಹೋಗುವುದಿಲ್ಲ. ಆದರೆ ಒಗ್ಗರಣೆಯ ಎಣ್ಣೆಗೆ ಅದೇ ಅರಿಸಿನವು ಕ್ಷಣಮಾತ್ರದಲ್ಲಿ ತನ್ನ ಬಣ್ಣವನ್ನು ಬಿಟ್ಟುಕೊಡುತ್ತದೆ. ಉಪ್ಪಾದರೋ ಎಣ್ಣೆಗೆ ಒಲಿಯದೆ ನೀರಿಗೇ ಒಲಿಯುತ್ತದೆ. ಪದಾರ್ಥ ಒಂದೇ ಆದರೂ ಹೊರಬರುವ ಸಾರವು ದ್ರವವನ್ನೂ, ಬಿಸಿಯನ್ನೂ, ಹೊತ್ತನ್ನೂ ಅವಲಂಬಿಸಿರುತ್ತದೆ.

ಈ ಸತ್ಯವನ್ನು ವಿಜ್ಞಾನದ ಕಣ್ಣಿನಿಂದ ಕಂಡವರಲ್ಲಿ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಒಬ್ಬರು. ಹಸಿರೆಲೆಯ ಬಣ್ಣಗಳನ್ನು ಬೇರ್ಪಡಿಸಲು ಹೊರಟ ಅವರಿಗೆ ಒಂದು ಒಗಟು ಎದುರಾಯಿತು. ಎಲೆಯನ್ನು ಅರೆದು ಪೆಟ್ರೋಲಿಯಂ ಈಥರಿನಲ್ಲಿ ಕಲಕಿದಾಗ ಹಳದಿ ಬಣ್ಣದ ಕೆರೊಟಿನ್ ಮಾತ್ರ ಹೊರಬಂದಿತು. ಹಸಿರು ಬಣ್ಣದ ಪತ್ರಹರಿತ್ತು ಎಲೆಯಲ್ಲಿಯೇ ಉಳಿಯಿತು. ಅದೇ ದ್ರಾವಕಕ್ಕೆ ಸ್ವಲ್ಪ ಮದ್ಯಸಾರವನ್ನು ಸೇರಿಸಿದೊಡನೆ ಹಸಿರೂ ಇಳಿದುಬಂದಿತು. ಆಶ್ಚರ್ಯವೆಂದರೆ, ಎಲೆಯಿಂದ ಒಮ್ಮೆ ಬಿಡಿಸಿದ ಪತ್ರಹರಿತ್ತು ಬರಿಯ ಪೆಟ್ರೋಲಿಯಂ ಈಥರಿನಲ್ಲಿಯೂ ಕರಗುತ್ತಿತ್ತು. ಎಂದರೆ, ಅಡ್ಡಿಯಾಗಿದ್ದುದು ಕರಗುವ ಶಕ್ತಿಯ ಕೊರತೆಯಲ್ಲ. ಎಲೆಯ ಅಂಗಾಂಶವು ಬಣ್ಣವನ್ನು ತನ್ನ ಮೈಗೆ ಹಿಡಿದುಕೊಂಡಿತ್ತು. 1903ರಲ್ಲಿ ಅವರು ವಾರ್ಸಾದಲ್ಲಿ ಮಂಡಿಸಿದ ಇಂತಹ ವಿಚಾರಗಳಿಂದಲೇ ಕ್ರೊಮಟೋಗ್ರಫಿ ಎಂಬ ಮಹಾವಿದ್ಯೆ ಬೆಳೆಯಿತು. ಇಂದು ಕೀಟನಾಶಕಗಳನ್ನು ಬೇರ್ಪಡಿಸುವುದೂ ಇದೇ ವಿದ್ಯೆಯಿಂದ. ಆದರೆ ಅದರ ಹುಟ್ಟಿನಲ್ಲಿಯೇ ಅಡಗಿದ್ದ ಪಾಠವು, ಎಂದರೆ ಕರಗುವುದು ಬೇರೆ, ಬಿಟ್ಟುಬರುವುದು ಬೇರೆ ಎಂಬುದು, ಹಲವು ಸಲ ಮರೆತುಹೋಗುತ್ತದೆ.

ಕೀಟನಾಶಕಗಳ ಸ್ವಭಾವವೂ ಮನುಷ್ಯರ ಸ್ವಭಾವದಂತೆ ಬಗೆಬಗೆ. ಡಿ.ಡಿ.ಟಿ. ಕೊಬ್ಬಿನಲ್ಲಿ ಕರಗುವಂತಹುದು; ಗ್ಲೈಫೊಸೇಟ್ ನೀರನ್ನು ಬಿಟ್ಟು ಬಾರದಂತಹುದು. 1963ರಲ್ಲಿ ಅಮೆರಿಕದ ಮಿಲ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಅಸಿಟೋನೈಟ್ರೈಲ್ ಎಂಬ ದ್ರಾವಕವನ್ನು ಬಳಸಿ, ಅನಂತರ ಕೀಟನಾಶಕವನ್ನು ಪೆಟ್ರೋಲಿಯಂ ಈಥರಿಗೆ ವರ್ಗಾಯಿಸುತ್ತಿದ್ದರು. ಡಿ.ಡಿ.ಟಿ.ಯ ಬಳಗಕ್ಕೆ ಅದು ಒಪ್ಪುವ ಕ್ರಮವಾಗಿತ್ತು. ನೀರಿನ ಕಡೆಗೆ ಒಲವುಳ್ಳ ಕೀಟನಾಶಕಗಳು ಹಿಂದೆಯೇ ಉಳಿಯುತ್ತಿದ್ದುವು. 1975ರಲ್ಲಿ ಬಂದ ಲೂಕ್ ವಿಧಾನವು ಅಸಿಟೋನನ್ನು ಬಳಸಿ ಇನ್ನಷ್ಟು ಬಗೆಯವನ್ನು ಹಿಡಿಯಿತು. 2003ರಲ್ಲಿ ಅನಸ್ತಾಸಿಯಾಡಿಸ್, ಲೆಹೊಟೆ ಮೊದಲಾದವರು ಪ್ರಕಟಿಸಿದ ‘ಕ್ವೆಚರ್ಸ್’ ಎಂಬ ವಿಧಾನದಲ್ಲಿ 10 ಗ್ರಾಂ ಅರೆದ ಆಹಾರ, 10 ಮಿಲಿಲೀಟರ್ ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಇಷ್ಟೇ ಸಾಕು. ಕಡಮೆ ಖರ್ಚು, ಕಡಮೆ ವೇಳೆ, ಕಡಮೆ ದ್ರಾವಕದ ಈ ಕ್ರಮವು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಹರಡಿತು.

ಆದರೆ ಎಲ್ಲಕ್ಕೂ ಸಲ್ಲುವ ಒಂದೇ ಕ್ರಮವೆಂಬುದಿಲ್ಲ. ಒಣಗಿದ ಧಾನ್ಯವನ್ನು ಹಾಗೆಯೇ ದ್ರಾವಕದಲ್ಲಿ ಕುಲುಕಿದರೆ ಕಾಳಿನ ಒಳಭಾಗ ತೆರೆದುಕೊಳ್ಳುವುದಿಲ್ಲ. ಮೊದಲು ನೀರನ್ನು ಸೇರಿಸಿ ನೆನೆಸಬೇಕು. ಕ್ಯಾಪ್ಟನ್ ಎಂಬ ಶಿಲೀಂಧ್ರನಾಶಕವು ಕ್ಷಾರೀಯ ದ್ರವದಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದುಹೋಗಲಾರಂಭಿಸುತ್ತದೆ. ಅದನ್ನು ಹಿಡಿಯಬೇಕಾದರೆ ದ್ರವವು ಸ್ವಲ್ಪ ಆಮ್ಲೀಯವಾಗಿರಬೇಕು. ಇದಕ್ಕೆ ವಿರುದ್ಧವಾಗಿ, 2,4-ಡಿ ಎಂಬ ಕಳೆನಾಶಕವು ಸಸ್ಯದ ಇತರ ಪದಾರ್ಥಗಳೊಡನೆ ಬೆಸೆದುಕೊಂಡಿದ್ದಾಗ ಅದನ್ನು ಬಿಡಿಸಲು ಕ್ಷಾರವೇ ಬೇಕು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಮೃತ್ಯು. ಕ್ಲೋರೊಥಲೋನಿಲ್ ಎಂಬ ಇನ್ನೊಂದು ಶಿಲೀಂಧ್ರನಾಶಕವು ಈರುಳ್ಳಿ, ಬೆಳ್ಳುಳ್ಳಿಗಳನ್ನು ಅರೆಯುವಾಗಲೇ ಅವುಗಳ ರಸದೊಡನೆ ವರ್ತಿಸಿ ನಾಶವಾಗುತ್ತದೆ. ಆದಕಾರಣ ಇಂತಹ ಪದಾರ್ಥಗಳನ್ನು ಒಣಮಂಜಿನೊಡನೆ ಗಡ್ಡೆಗಟ್ಟಿಸಿ ಅರೆಯುವುದು ಲೇಸು. ಮ್ಯಾಂಕೊಜೆಬ್ ಸಾಮಾನ್ಯ ದ್ರಾವಕಗಳಲ್ಲಿ ಕರಗುವುದೇ ಇಲ್ಲ. ಅದನ್ನು ಬಿಸಿ ಆಮ್ಲದಲ್ಲಿ ಒಡೆದು, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅನಿಲವನ್ನು ಅಳೆಯಬೇಕಾಗುತ್ತದೆ. ಇಲ್ಲಿಯೂ ತೊಡಕು ತಪ್ಪಿದ್ದಲ್ಲ: ಎಲೆಕೋಸಿನಂತಹ ತರಕಾರಿಗಳಲ್ಲಿ ಸಹಜವಾಗಿರುವ ಗಂಧಕದ ಸಂಯುಕ್ತಗಳೂ ಅದೇ ಅನಿಲವನ್ನು ಬಿಡುವುದರಿಂದ, ಔಷಧವನ್ನೇ ಕಾಣದ ಕೋಸು ಅಪರಾಧಿಯಂತೆ ತೋರಬಹುದು. ಹೀಗೆ ಪರೀಕ್ಷೆಯ ಕ್ರಮವು ಇದ್ದುದನ್ನು ಮರೆಸಲೂಬಲ್ಲುದು, ಇಲ್ಲದುದನ್ನು ತೋರಿಸಲೂಬಲ್ಲುದು.

ಇವೆಲ್ಲ ಪ್ರಯೋಗಾಲಯದ ನಾಲ್ಕು ಗೋಡೆಗಳ ನಡುವಣ ಸೂಕ್ಷ್ಮಗಳೆಂದು ಯಾರಾದರೂ ಭಾವಿಸಿದರೆ, ಅವರು ದ್ರಾಕ್ಷಿ ಬೆಳೆಗಾರರ ಕಥೆಯನ್ನು ನೆನೆಯಬೇಕು. ದ್ರಾಕ್ಷಿಯ ಬಳ್ಳಿ ಬರಿದೆ ಉದ್ದಕ್ಕೆ ಹಬ್ಬದೆ ಹೆಚ್ಚು ಗೊಂಚಲು ಬಿಡಲೆಂದು ಬೆಳೆಗಾರರು ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕವನ್ನು ಬಳಸುತ್ತಿದ್ದರು. ಕೊಯ್ಲಿಗೆ ಹಲವು ತಿಂಗಳ ಮೊದಲು ಸಿಂಪಡಿಸಿದುದು ಹಣ್ಣಿನವರೆಗೆ ಉಳಿದೀತೆಂದು ಅವರು ಎಣಿಸಿರಲಿಲ್ಲ. ಈ ಪದಾರ್ಥವು ನೀರಿನಲ್ಲಿ ಅತಿಯಾಗಿ ಕರಗುವ ಲವಣ. ನೂರಾರು ಕೀಟನಾಶಕಗಳನ್ನು ಒಟ್ಟಿಗೆ ಹಿಡಿಯುವ ಸಾಮಾನ್ಯ ನಿಷ್ಕರ್ಷಣಕ್ಕೆ ಅದು ಸರಿಯಾಗಿ ಸಿಕ್ಕುವುದಿಲ್ಲ. ಅದಕ್ಕೆ ಆಮ್ಲ ಬೆರೆಸಿದ ಮೆಥನಾಲಿನಂತಹ ಬೇರೆಯೇ ದ್ರಾವಕ ಬೇಕು. ರಫ್ತಿಗೆ ಮುನ್ನ ಭಾರತದಲ್ಲಿ ನಡೆಯುತ್ತಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ. 2010ರಲ್ಲಿ ಯುರೋಪಿನ ಪ್ರಯೋಗಾಲಯಗಳು ಅದನ್ನೇ ಹುಡುಕಿದುವು. ಅಲ್ಲಿನ ಮಿತಿಯನ್ನು ಮೀರಿದ ಶೇಷ ದೊರೆಯಿತು. ಶುದ್ಧವೆಂಬ ವರದಿಯನ್ನು ಹೊತ್ತು ಸಮುದ್ರ ದಾಟಿದ್ದ ಭಾರತದ ಹಣ್ಣು ಬಂದರುಗಳಲ್ಲಿ ತಡೆಯಲ್ಪಟ್ಟಿತು; ರಫ್ತುದಾರರೂ ಬೆಳೆಗಾರರೂ ಭಾರೀ ನಷ್ಟವನ್ನು ಅನುಭವಿಸಿದರು. ವರದಿ ಸುಳ್ಳಾಗಿರಲಿಲ್ಲ. ಅದು ತಾನು ಹುಡುಕಿದುದರ ಬಗ್ಗೆ ಮಾತ್ರ ನಿಜ ಹೇಳಿತ್ತು. ಓದಿದವರು ಅದಕ್ಕಿಂತ ಹೆಚ್ಚಿನದನ್ನು ಅದರಲ್ಲಿ ಓದಿಕೊಂಡಿದ್ದರು. ವಿಜಯಪುರ, ಬಾಗಲಕೋಟೆಗಳ ಕಡೆ ದ್ರಾಕ್ಷಿಯನ್ನೇ ನಂಬಿ ಸಾಲ ಮಾಡಿ ಚಪ್ಪರ ಹಾಕುವ ರೈತನ ಪಾಲಿಗೆ ದ್ರಾವಕದ ಆಯ್ಕೆ ಎಂಬುದು ಕೇವಲ ರಸಾಯನಶಾಸ್ತ್ರದ ಪ್ರಶ್ನೆಯಲ್ಲ. ಅದು ಬದುಕಿನ ಪ್ರಶ್ನೆ.

ಪ್ರಯೋಗಾಲಯಗಳು ತಮ್ಮ ಕ್ರಮವನ್ನು ತಾವೇ ಪರೀಕ್ಷಿಸಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಪರೀಕ್ಷಿಸಿಕೊಳ್ಳುತ್ತವೆ. ಶುದ್ಧವಾದ ಆಹಾರಕ್ಕೆ ಗೊತ್ತಿರುವ ಪ್ರಮಾಣದ ಕೀಟನಾಶಕವನ್ನು ಬೆರೆಸಿ, ಅದರಲ್ಲಿ ಶೇಕಡ ಎಷ್ಟು ಮರಳಿ ದೊರೆಯಿತೆಂದು ನೋಡುತ್ತಾರೆ. ಸರಾಸರಿ ಶೇಕಡ 70ರಿಂದ 120ರ ನಡುವೆ ದೊರೆತರೆ ಕ್ರಮವು ಒಪ್ಪತಕ್ಕದ್ದೆಂದು ಯುರೋಪಿನ ಮಾರ್ಗಸೂಚಿಗಳು ಹೇಳುತ್ತವೆ. ಇದು ಒಳ್ಳೆಯ ಒರೆಗಲ್ಲು; ಆದರೆ ಪೂರ್ಣವಾದ ಒರೆಗಲ್ಲಲ್ಲ. ಅರೆದ ತರಕಾರಿಯ ಮೇಲೆ ಈಗ ತಾನೆ ಸುರಿದ ಕೀಟನಾಶಕವು ಅಂಗಳಕ್ಕೆ ಬಂದ ಅತಿಥಿಯಿದ್ದಂತೆ. ಕರೆದೊಡನೆ ಎದ್ದು ಬರುತ್ತದೆ. ಹೊಲದಲ್ಲಿ ವಾರಗಟ್ಟಲೆ ಗಿಡದೊಡನೆ ಬೆಳೆದು, ಸಿಪ್ಪೆಯ ಮೇಣದಲ್ಲಿ ಇಳಿದು, ನಾರಿನೊಡನೆ ಬೆಸೆದುಕೊಂಡ ಕೀಟನಾಶಕವು ಮನೆಯೊಳಗೇ ನೆಲಸಿದ ನಂಟನಿದ್ದಂತೆ. ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ಅತಿಥಿಯನ್ನು ಹೊರಡಿಸಿದ ಕ್ರಮವೇ ನಂಟನನ್ನೂ ಹೊರಡಿಸೀತೆಂದು ಹೇಳಲಾಗದು. ವಿಕಿರಣಶೀಲ ಇಂಗಾಲದಿಂದ ಗುರುತಿಸಿದ ಕೀಟನಾಶಕವನ್ನು ಬೆಳೆಗೆ ಹಾಕಿ, ಎಷ್ಟು ಹೊರಬಂದಿತು, ಎಷ್ಟು ಒಳಗೇ ಉಳಿಯಿತು ಎಂದು ತಿಳಿಯುವ ಮಾರ್ಗವುಂಟು. ಅದು ದುಬಾರಿಯಾದುದರಿಂದ ದಿನನಿತ್ಯದ ಪರೀಕ್ಷೆಗೆ ಒದಗುವುದಿಲ್ಲ.

ಅಂಕಿಗಳು ಬೇರೆಬೇರೆಯಾದಾಗ ಸಾರ್ವಜನಿಕರಲ್ಲಿ ಎಂತಹ ಗೊಂದಲ ಉಂಟಾಗುತ್ತದೆ ಎಂಬುದಕ್ಕೆ 2003ರ ಪ್ರಸಂಗವೊಂದು ನಿದರ್ಶನ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಂಪು ಪಾನೀಯಗಳಲ್ಲಿ ಕೀಟನಾಶಕಗಳ ಶೇಷವಿದೆಯೆಂದು ಆ ವರ್ಷ ಪ್ರಕಟಿಸಿತು. ಬಳಿಕ ಸರ್ಕಾರದ ಕೋರಿಕೆಯಂತೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಕೋಲ್ಕತ್ತದ ಕೇಂದ್ರೀಯ ಆಹಾರ ಪ್ರಯೋಗಾಲಯವೂ ಅಂತಹ ಪಾನೀಯಗಳನ್ನು ಪರೀಕ್ಷಿಸಿದುವು. ಶೇಷಗಳು ಅಲ್ಲಿಯೂ ಕಂಡುಬಂದುವು. ಆದರೆ ಅಂಕಿಗಳು ಮೊದಲಿನಷ್ಟು ದೊಡ್ಡವಾಗಿರಲಿಲ್ಲ. ಒಂದು ಪಕ್ಷದವರು ದೊಡ್ಡ ಅಂಕಿಯನ್ನೂ ಇನ್ನೊಂದು ಪಕ್ಷದವರು ಚಿಕ್ಕ ಅಂಕಿಯನ್ನೂ ಹಿಡಿದು ವಾದಿಸಿದರು. ಎರಡು ಕಡೆ ಪರೀಕ್ಷಿಸಿದ ಸೀಸೆಗಳು ಬೇರೆಯಾಗಿದ್ದರೆ ಅಂಕಿಗಳೂ ಬೇರೆಯಾಗಬಹುದು ಎಂಬ ಸರಳ ವಿಚಾರಕ್ಕೆ ಆ ಗದ್ದಲದಲ್ಲಿ ಕಿವಿಗೊಟ್ಟವರು ಕಡಮೆ. 2004ರಲ್ಲಿ ಸಂಸತ್ತಿನ ಜಂಟಿ ಸಮಿತಿಯು ಪಾನೀಯಗಳಲ್ಲಿ ಶೇಷಗಳಿದ್ದುವೆಂಬ ಮಾತನ್ನು ಎತ್ತಿಹಿಡಿದು, ಅವುಗಳಿಗೆ ಸರಿಯಾದ ಮಿತಿಗಳನ್ನು ಗೊತ್ತುಪಡಿಸಬೇಕೆಂದು ಸೂಚಿಸಿತು.

ಇಷ್ಟೆಲ್ಲ ಅನಿಶ್ಚಯವಿದ್ದ ಮೇಲೆ ಪ್ರಯೋಗಾಲಯವನ್ನು ನಂಬುವುದೇಕೆ ಎಂದು ಕೆಲವರು ಕೇಳಬಹುದು. ಇದು ಅವಸರದ ತೀರ್ಮಾನ. ಥರ್ಮಾಮೀಟರನ್ನು ಕಂಕುಳಲ್ಲಿ ಸರಿಯಾಗಿ ಇಡದಿದ್ದರೆ ಜ್ವರ ಕಡಮೆ ತೋರಬಹುದು. ಆದರೆ ಅದಕ್ಕಾಗಿ ಥರ್ಮಾಮೀಟರನ್ನು ಬಿಸಾಡಿ ಹಣೆಯನ್ನು ಮುಟ್ಟಿ ನೋಡಿದರೆ ಸಾಕೆಂದು ಯಾವ ವೈದ್ಯನೂ ಹೇಳುವುದಿಲ್ಲ. ಸರಿಯಾಗಿ ಇಡುವ ಕ್ರಮವನ್ನು ಕಲಿಸುತ್ತಾನೆ. ಪ್ರಯೋಗಾಲಯವಿಲ್ಲದಿದ್ದರೆ ಕಾಣದ ವಿಷದ ವಿಷಯದಲ್ಲಿ ವದಂತಿಯೊಂದೇ ಆಧಾರವಾಗುತ್ತದೆ. ವದಂತಿಗೆ ಅಳತೆಯೂ ಇಲ್ಲ, ತಿದ್ದುಪಡಿಯೂ ಇಲ್ಲ. ವಿಜ್ಞಾನಕ್ಕಾದರೋ ತನ್ನ ಅಳತೆಯ ದೋಷವನ್ನೂ ಅಳೆಯುವ ಶಕ್ತಿಯಿದೆ. ಅದೇ ಅದರ ಹಿರಿಮೆ.

ಇನ್ನು ಕೆಲವರು, ದ್ರಾವಕ, ಆಮ್ಲ, ಕ್ಷಾರಗಳ ವಿಚಾರ ತಜ್ಞರಿಗೆ ಇರಲಿ, ಸಾಮಾನ್ಯರಿಗೆ ಅಂಕಿಯೊಂದೇ ಸಾಕು ಎನ್ನುತ್ತಾರೆ. ಈ ಮಾತನ್ನೂ ಒಪ್ಪುವಂತಿಲ್ಲ. ಕ್ರಮವನ್ನು ಮುಚ್ಚಿಟ್ಟ ಅಂಕಿಯು ವಿಳಾಸವಿಲ್ಲದ ಕಾಗದದಂತೆ. ಯಾವ ಕೀಟನಾಶಕಗಳನ್ನು ಹುಡುಕಲಾಯಿತು, ಯಾವ ವಿಧಾನದಿಂದ ಸಾರವನ್ನು ತೆಗೆಯಲಾಯಿತು, ಎಷ್ಟು ಕಡಮೆ ಪ್ರಮಾಣವನ್ನು ಆ ವಿಧಾನ ಗುರುತಿಸಬಲ್ಲುದು, ಬೆರೆಸಿದುದರಲ್ಲಿ ಶೇಕಡ ಎಷ್ಟು ಮರಳಿ ಬಂದಿತು ಎಂಬ ನಾಲ್ಕು ಸಂಗತಿಗಳು ಪ್ರತಿಯೊಂದು ವರದಿಯಲ್ಲಿಯೂ, ಓದುವವನಿಗೆ ತಿಳಿಯುವ ಭಾಷೆಯಲ್ಲಿ, ಇರಬೇಕು. ಮಾರುಕಟ್ಟೆಯಲ್ಲಿ ತಕ್ಕಡಿಗೆ ಮುದ್ರೆಯಿದೆಯೇ ಎಂದು ನೋಡುವ ಹಕ್ಕು ಕೊಳ್ಳುವವನಿಗೆ ಇರುವಂತೆ, ಅಂಕಿಯ ಹಿಂದಿನ ಕ್ರಮವನ್ನು ಕೇಳುವ ಹಕ್ಕೂ ಪ್ರಜೆಗೆ ಇರತಕ್ಕದ್ದು. ಸಾಮಾನ್ಯ ವಿಧಾನಕ್ಕೆ ಸಿಕ್ಕದ ರಾಸಾಯನಿಕಗಳನ್ನು ಹುಡುಕುವ ಸೌಲಭ್ಯ ಜಿಲ್ಲೆಗಳಿಗೂ ದೊರೆಯಬೇಕು. ವಿದೇಶಕ್ಕೆ ಹೋಗುವ ಹಣ್ಣಿಗೆ ಇರುವ ಪರೀಕ್ಷೆ ಊರಿನ ಸಂತೆಗೆ ಬರುವ ಹಣ್ಣಿಗೂ ಇರಬೇಕು. ಯುರೋಪಿನ ಮಗುವಿನ ಹೊಟ್ಟೆಯೂ ಹಳ್ಳಿಯ ಮಗುವಿನ ಹೊಟ್ಟೆಯೂ ಒಂದೇ.

ಇದೆಲ್ಲಕ್ಕೂ ಮಿಗಿಲಾಗಿ, ವಿಷವನ್ನು ಅಳೆಯುವುದಕ್ಕಿಂತ ಅದನ್ನು ಬೇಕಾದಷ್ಟೇ, ಬೇಕಾದಾಗಲೇ ಬಳಸುವುದು ಶ್ರೇಷ್ಠ. ಸಿಂಪಡಿಸಿದ ಬಳಿಕ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದನ್ನು ಪಾಲಿಸುವ ರೈತನು ಯಾವ ಪ್ರಯೋಗಾಲಯವೂ ಮಾಡಲಾರದ ಉಪಕಾರವನ್ನು ಸಮಾಜಕ್ಕೆ ಮಾಡುತ್ತಾನೆ. ಪ್ರಯೋಗಾಲಯವು ಕಾವಲುಗಾರ, ಹೊಲವೇ ಮನೆ. ಕಾವಲುಗಾರನು ತಾನು ಯಾವ ಬಾಗಿಲನ್ನು ನೋಡಿದೆ, ಯಾವುದನ್ನು ನೋಡಲಿಲ್ಲ ಎಂಬುದನ್ನು ಮನೆಯವರಿಗೆ ಪ್ರಾಮಾಣಿಕವಾಗಿ ಹೇಳಬೇಕು. ಮನೆಯವರು ಅದನ್ನು ಕೇಳಿ ತಿಳಿದುಕೊಳ್ಳಬೇಕು. ‘ಪತ್ತೆಯಾಗಿಲ್ಲ’ ಎಂಬ ಮಾತನ್ನು ಓದಿದೊಡನೆ ‘ಹೇಗೆ ಹುಡುಕಿದರು?’ ಎಂದು ಕೇಳುವ ಪ್ರಜೆಗಳಿರುವ ನಾಡಿನಲ್ಲಿ ಪರೀಕ್ಷೆಗಳೂ ಎಚ್ಚರದಿಂದ ನಡೆಯುತ್ತವೆ, ಊಟವೂ ನಿಶ್ಚಿಂತೆಯಿಂದ ನಡೆಯುತ್ತದೆ.